ಉರುಗ್ವೆಯಿಂದ ಬಂದ ಲೆಕ್ಕದ ಮೇಷ್ಟ್ರು

ಮಿಲ್ಟನ್ ಇಚೆವೆರಿ ಪರಾಗ್ವೆಯ ನಮ್ಮ ಕಾಸಾಪಾ ಊರಿಗೆ ಬಂದಿಳಿದದ್ದು ಫೆಬ್ರವರಿಯ ಸುಡುಬಿಸಿಲಲ್ಲಿ. ಬಗಲಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಚಹಾದಂತೆ ಹೀರುವ ಮಾತೆ ಸೊಪ್ಪು ತುಂಬಿದ ಸೋರೆಬುರುಡೆ. ಹಿಂದೆ ಹೆಂಡತಿ ಮೇಬೆಲ್, ಒಂಬತ್ತು ವರ್ಷದ ಮಗಳು ರೆನಾತಾ, ತಾಯಿಯ ಸೊಂಟದ ಮೇಲೆ ನಿದ್ದೆ ಹೋಗಿದ್ದ ಪುಟ್ಟ ಮಗ. ಉರುಗ್ವೆಯ ಸಾಲ್ತೊ ಕಡೆಯವರು. ಅವನು ಲೆಕ್ಕ ಕಲಿಸಬೇಕು, ಅವಳು ಜೀವಶಾಸ್ತ್ರ. ನಮ್ಮ ಶಾಲೆಯಲ್ಲಿ ಇಬ್ಬರಿಗೂ ಎರಡು ವರ್ಷದ ಕೆಲಸ. ನಾನು ಅದೇ ಶಾಲೆಯ ಸ್ಪ್ಯಾನಿಷ್ ಮೇಷ್ಟ್ರು. ಅವರನ್ನು ಬಸ್ ನಿಲ್ದಾಣದಿಂದ ಕರೆತರುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ವಾಸಕ್ಕೆ ಸಿಕ್ಕಿದ್ದು ಚಿಪಾ ರೊಟ್ಟಿ ಬೇಯಿಸಿ ಮಾರುವ, ಊರೆಲ್ಲ ಗೌರವದಿಂದ 'ಞಾ' ಎಂದು ಕರೆಯುವ ಞಾ ಎಲಾಡಿಯಾ ಅವರ ಮನೆಯ ಹಿಂಬದಿಯ ಎರಡು ಕೋಣೆ. ಬೆಳಗಾಗುವ ಮೊದಲೇ ಅವರ ಮಣ್ಣಿನ ಒಲೆಯಿಂದ ಮರಗೆಣಸಿನ ಹಿಟ್ಟು ಮತ್ತು ಚೀಸ್ ಬೇಯುವ ವಾಸನೆ ಆ ಕೋಣೆಗಳಿಗೆ ನುಗ್ಗುತ್ತಿತ್ತು. ಮಕ್ಕಳನ್ನು ಎಬ್ಬಿಸುವ ಕೆಲಸವೇ ಇರಲಿಲ್ಲ ಎಂದು ಮೇಬೆಲ್ ಹೇಳುತ್ತಿದ್ದಳು. ಕಣ್ಣು ಬಿಡುವ ಮೊದಲೇ ಎದ್ದು ಹೋಗಿ ಒಲೆಯ ಮುಂದೆ ಕೂತಿರುತ್ತಿದ್ದವು.

ಮೂರು ತಿಂಗಳಲ್ಲಿ ರೆನಾತಾ ಬೀದಿಯ ಮಕ್ಕಳ ಜೊತೆ ನಮ್ಮ ಮನೆಮಾತಾದ ಗ್ವಾರನಿ ಭಾಷೆಯಲ್ಲಿ ಜಗಳವಾಡುವಷ್ಟಾದಳು. ಮೇಬೆಲ್ ಪಾಠಕ್ಕೆಂದು ಮಕ್ಕಳನ್ನು ತೊರೆಯ ಬದಿಗೆ ಕರೆದೊಯ್ದು ಕಪ್ಪೆ, ಹಲ್ಲಿ, ಗಿಡಗಳಿಗೆಲ್ಲ ಅವರ ಬಾಯಿಂದಲೇ ಹೆಸರು ಹೇಳಿಸಿ ಕಲಿತುಬಿಟ್ಟಳು. ಹಿಂದುಳಿದವನು ಮಿಲ್ಟನ್ ಒಬ್ಬನೇ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೋರ್ಡಿನ ಮೇಲೆ ಗೀಟು ಕೊರೆದಂತೆ ಅಂಕಿ ಬರೆಯುತ್ತಿದ್ದ. ಮಕ್ಕಳು ಪಿಟ್ಟೆನ್ನದೆ ಕೂತಿರುತ್ತಿದ್ದರು. ಅದನ್ನು ಶಿಸ್ತು ಎಂದು ಅವನು ತಿಳಿದಿದ್ದ. ಮೊದಲ ಪರೀಕ್ಷೆಯಲ್ಲಿ ಮುಕ್ಕಾಲು ತರಗತಿ ನಪಾಸಾಯಿತು.

ಊರಿನವರಿಗೆ ಅವನ ಫ್ಲಾಸ್ಕೇ ದೊಡ್ಡ ತಮಾಷೆ. ನಾವು ಅದೇ ಸೊಪ್ಪನ್ನು ಐಸ್ ನೀರಲ್ಲಿ ಕುಡಿಯುವವರು. ಇವನು ಮರದ ನೆರಳೂ ಬೆವರುವ ಹೊತ್ತಲ್ಲಿ ಕುದಿನೀರು ಹೀರುತ್ತಾನೆ. "ಮೇಷ್ಟ್ರೇ, ಹೊಟ್ಟೆಯೊಳಗೆ ಏನಾದ್ರೂ ಬೇಯಿಸ್ತಿದ್ದೀರಾ?" ಎಂದು ಞಾ ಎಲಾಡಿಯಾ ಕೇಳಿದರಂತೆ. ಅವನು ನಗಲಿಲ್ಲ. ಮುಂದೊಂದು ದಿನ, ಶಾಲೆಯಿಂದ ತಲೆ ಸುತ್ತಿಕೊಂಡು ಬಂದವನನ್ನು ಅವರೇ ಕೂರಿಸಿ, ತಣ್ಣನೆಯ ಬುರುಡೆ ಕೈಗಿಟ್ಟರು. ಕುಡಿದ, ಇನ್ನೊಂದು ಕೇಳಿದ. ಆ ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು.

ಪರೀಕ್ಷೆಯ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಅವನು ಮೇಬೆಲ್ ಹತ್ತಿರ ಈ ಮಕ್ಕಳಿಗೆ ತಲೆಯಿಲ್ಲ ಎಂದು ಗೊಣಗಿದ. ಅವಳು ತರಕಾರಿ ಹೆಚ್ಚುತ್ತಲೇ ಕೇಳಿದಳು: "ಅವರು ಮನಸ್ಸಲ್ಲಿ ಯೋಚನೆ ಮಾಡೋದು ಯಾವ ಭಾಷೇಲಿ ಅಂತ ಒಂದಿನಾದ್ರೂ ಕೇಳಿದ್ದೀಯಾ?"

ಇದನ್ನು ಅವನೇ ಮುಂದೆ ನನಗೆ ಹೇಳಿದ. ಆ ದಿನ ಮಗಳನ್ನು ಕರೆದು, ತರಗತಿಗೆ ಬೇಕಾಗುವ ನಾಲ್ಕು ಮಾತು ಕಲಿಸು ಎಂದನಂತೆ. ರೆನಾತಾ ಗಂಭೀರವಾಗಿ ಕಲಿಸಿದಳು: "ಕೂತ್ಕೊಳ್ಳಿ ಅನ್ನೋಕೆ 'ಪೆಕೆ' ಅನ್ಬೇಕಪ್ಪ."

ಮರುದಿನ ನಾನು ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದೆ. ಮಿಲ್ಟನ್ ಒಳಗೆ ಹೋದ ಸದ್ದು ಕೇಳಿಸಿತು. ಮಕ್ಕಳು ಎದ್ದು ನಿಂತರು. ಅವನು ಗಂಟಲು ಸರಿಮಾಡಿಕೊಂಡು "ಪೆಕೆ!" ಎಂದ. ಬೆಂಚುಗಳು ಸರಿದವು, ಆಮೇಲೆ ಸದ್ದೇ ಇಲ್ಲ. ಅನುಮಾನ ಬಂದು ಹೋಗಿ ಇಣುಕಿದೆ. ಇಡೀ ತರಗತಿ ಡೆಸ್ಕಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿತ್ತು. ಹಿಂದಿನ ಸಾಲಿನವನು ಗೊರಕೆಯನ್ನೂ ಹೊಡೆಯುತ್ತಿದ್ದ. ಸೀಮೆಸುಣ್ಣ ಹಿಡಿದು ನಡುವೆ ನಿಂತ ಮಿಲ್ಟನ್, ಬಾಗಿಲಲ್ಲಿ ನಾನು, ನನ್ನ ಹಿಂದೆ ಮುಖ್ಯೋಪಾಧ್ಯಾಯಿನಿ.

"ಏನಿದು?" ಎಂದರು ಅವರು.

"ಕೂತ್ಕೊಳ್ಳಿ ಅಂದೆ," ಎಂದ ಮಿಲ್ಟನ್.

"ಮಲಗಿ ಅಂದಿರಿ," ಎಂದೆ ನಾನು.

ಅವನು ಸೀಮೆಸುಣ್ಣ ಕೆಳಗಿಟ್ಟ. ಆಮೇಲೆ ಮೇಜಿಗೆ ಒರಗಿಕೊಂಡು ನಗಲು ಶುರು ಮಾಡಿದ, ಕಣ್ಣಲ್ಲಿ ನೀರು ಬರುವ ತನಕ. ಅವನು ನಕ್ಕದ್ದನ್ನು ಮಕ್ಕಳು ನೋಡಿದ್ದು ಅದೇ ಮೊದಲು. ಒಬ್ಬೊಬ್ಬರಾಗಿ ತಲೆಯೆತ್ತಿದರು, ಅವರೂ ನಕ್ಕರು. ಮುಖ್ಯೋಪಾಧ್ಯಾಯಿನಿ ಮುಖ ತಿರುಗಿಸಿಕೊಂಡು ಹೊರಟರು, ಭುಜ ಮಾತ್ರ ಅಲುಗುತ್ತಿತ್ತು.

ಆ ದಿನದಿಂದ ಅವನು ಪಾಠದ ರೀತಿಯನ್ನೇ ಬದಲಿಸಿದ. ಸ್ಪ್ಯಾನಿಷಿನಲ್ಲಿ ಒಮ್ಮೆ ಹೇಳುವುದು, ಆಮೇಲೆ ಯಾರಾದರೊಬ್ಬರನ್ನು ಬೋರ್ಡಿಗೆ ಕರೆದು ಅದನ್ನೇ ಗ್ವಾರನಿಯಲ್ಲಿ ಉಳಿದವರಿಗೆ ಹೇಳಿಸುವುದು. ತಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದ. ಗಲಾಟೆ ಹೆಚ್ಚಾಯಿತು, ನನ್ನ ಪಾಠಕ್ಕೂ ತೊಂದರೆಯಾಯಿತು. ವರ್ಷದ ಕೊನೆಗೆ ನಪಾಸಾದವರು ಬೆರಳೆಣಿಕೆಯಷ್ಟೇ ಉಳಿದರು. ರೆನಾತಾಳಿಗೆ ಶಿಕ್ಷೆ ಆಯಿತೇ ಎಂದು ಕೇಳಿದೆ. ಒಂದು ವಾರ ಪಾತ್ರೆ ತೊಳೆಸಿದನಂತೆ. ತೊಳೆಯುವಾಗ ಪಕ್ಕದಲ್ಲಿ ಕೂತು ಹೊಸ ಮಾತು ಕಲಿತನಂತೆ. ಪ್ರತಿಯೊಂದನ್ನೂ ಞಾ ಎಲಾಡಿಯಾ ಹತ್ತಿರ ಹೋಗಿ ಖಾತ್ರಿ ಮಾಡಿಕೊಂಡನಂತೆ.

ಎರಡು ವರ್ಷ ಮುಗಿಯುತ್ತ ಬಂದಾಗ ಶಾಲೆಯವರು ಇನ್ನೂ ಇರಿ ಎಂದರು, ಇವರೂ ಒಪ್ಪಿದರು. ಸಾಲ್ತೊದಿಂದ ಮೇಬೆಲ್‌ಳ ತಾಯಿ ದೊನ್ಯಾ ಓಲ್ಗಾ ಫೋನಿನಲ್ಲಿ ಬೈದು ಸಾಲದೆ, ಮಗಳನ್ನು ಕರೆದೊಯ್ಯುತ್ತೇನೆಂದು ತಾವೇ ಬಂದಿಳಿದರು. ಞಾ ಎಲಾಡಿಯಾ ಗೌರವಕ್ಕೆಂದು ನಮ್ಮ ಕಡೆಯ ಸೂಪು ಮಾಡಿ ಊಟಕ್ಕೆ ಕರೆದರು. ದೊನ್ಯಾ ಓಲ್ಗಾ ಚಮಚ ಹಿಡಿದು ಕೂತರು. ಬಂದದ್ದು ಜೋಳದ ಹಿಟ್ಟು, ಈರುಳ್ಳಿ, ಚೀಸ್ ಹಾಕಿ ಬೇಯಿಸಿದ ಗಟ್ಟಿ ಹೋಳು.

"ಸೂಪೆಲ್ಲಿ?" ಎಂದರು.

"ಇದೇ ಕಣಮ್ಮಾ."

"ಇದು ಕೇಕು."

"ನಿಮ್ಮೂರಲ್ಲಿ ಇರಬಹುದು."

ದೊನ್ಯಾ ಓಲ್ಗಾ ಒಂದು ತುಂಡು ತಿಂದರು, ಉಪ್ಪು ಕಡಿಮೆ ಎಂದರು, ಎರಡನೆಯದು ಹಾಕಿಸಿಕೊಂಡರು. ಮಾರನೇ ದಿನ ಉಪ್ಪು ಎಷ್ಟಿರಬೇಕೆಂದು ತೋರಿಸಲು ಅಡುಗೆಮನೆಗೇ ಹೋದರು. ಅಲ್ಲಿಂದ ಇಬ್ಬರೂ ದಿನವೂ ಜಗಳವಾಡುತ್ತ ಒಟ್ಟಿಗೆ ಚಿಪಾ ತಟ್ಟತೊಡಗಿದರು. ಒಂದು ವಾರಕ್ಕೆಂದು ಬಂದವರು ತಿಂಗಳುಗಟ್ಟಲೆ ಇದ್ದು ಹೊರಟರು, ಒಬ್ಬರೇ. ಬಸ್ ಹತ್ತುವಾಗ ಮಗಳಿಗೆ ಬುದ್ಧಿ ಹೇಳುವುದನ್ನೇ ಮರೆತರು. ಕಿಟಕಿಯಿಂದ ತಲೆ ಹಾಕಿ ಞಾ ಎಲಾಡಿಯಾಗೆ ಇನ್ನೂ ಏನೋ ಹೇಳುತ್ತಿದ್ದರು.

ಮಿಲ್ಟನ್ ಕುಟುಂಬ ಆಮೇಲೆ ಆರು ವರ್ಷ ಇಲ್ಲೇ ಇತ್ತು. ಒಮ್ಮೆ ರಜೆಯಲ್ಲಿ ಸಾಲ್ತೊಗೆ ಹೋದಾಗ, ಅಂಗಡಿಯವನೊಬ್ಬ ಪುಟ್ಟ ಮಗನ ಮಾತು ಕೇಳಿ, ಪರಾಗ್ವೆಯವರಾ ಎಂದನಂತೆ. ತಾನು ಹುಟ್ಟಿ ಬೆಳೆದ ಬೀದಿಯಲ್ಲೇ ನಿಂತಿದ್ದ ಮಿಲ್ಟನ್, ಹೌದು, ಕಾಸಾಪಾದವರು ಎಂದು ಉತ್ತರ ಕೊಟ್ಟು, ಕಿತ್ತಳೆಹಣ್ಣು ಆರಿಸತೊಡಗಿದನಂತೆ.