ಐದು ಹೆಜ್ಜೆಯ ಮಾಣಿಕಪ್ಪ ಕಾಕಾ

ಮಾಣಿಕಪ್ಪ ಕಾಕಾ ಫೋಟೋ ತೆಗೆಯುವ ಮೊದಲು ಕಾಲಿಗೆ ಬೀಳುತ್ತಿದ್ದರು. ನಡುವೆ ಕೂಡಿಸಿದ ಹಿರಿಯರ ಪಾದ ಮುಟ್ಟಿ, ಬೆನ್ನು ತೋರಿಸದೆ ಹಿಂದಕ್ಕೆ ಐದು ಹೆಜ್ಜೆ ನಡೆದು, ಲೆನ್ಸಿನ ಫೋಕಸ್ ಉಂಗುರವನ್ನು ನೋಡದೆಯೇ ತಿರುಗಿಸಿ ಬಟನ್ ಒತ್ತಿಬಿಡುವರು. ಎಂಥ ಸಂಸ್ಕಾರವಂತ ಎಂದು ಜನ ಕೊಂಡಾಡುತ್ತಿದ್ದರು. ಅದು ನಮಸ್ಕಾರವಲ್ಲ, ದೂರದ ಅಳತೆ ಎಂಬುದು ಭಾಲ್ಕಿಯ ಅವರ ಸ್ಟುಡಿಯೋದಲ್ಲಿ ಕೆಲಸ ಕಲಿತ ನನಗೆ ಮಾತ್ರ ಗೊತ್ತಿತ್ತು.

"ಪೂರಾ ಸುಳ್ಳ ಅಲ್ಲ ಬೇಟಾ. ಅರ್ಧ ಭಕ್ತಿ ಅದ, ಅರ್ಧ ಅಳತಿ," ಎಂದು ನಗುತ್ತಿದ್ದರು.

ಅವರದು ಹಳೆಯ ವೈಡ್ ಲೆನ್ಸು. ಜೂಮ್ ಇಲ್ಲ, ಹತ್ತಿರ ಬೇಕಾದರೆ ನಾವೇ ಹತ್ತಿರ ಹೋಗಬೇಕು. ಇಕ್ಕಟ್ಟಿನ ಪಡಸಾಲೆಯಲ್ಲೂ ಇಡೀ ಮನೆತನ ಅದರೊಳಗೆ ಹಿಡಿಸುತ್ತಿತ್ತು. ಅಂಚಿಗೆ ನಿಂತವರ ಮುಖ ಮಾತ್ರ ಕೊಂಚ ಉಬ್ಬುತ್ತಿತ್ತು, ಅದಕ್ಕೇ ಕಾಕಾ ಅಳಿಯಂದಿರನ್ನು ಹುಡುಕಿ ಹುಡುಕಿ ಅಂಚಿಗೆ ನಿಲ್ಲಿಸುವರು. "ಅವ್ರು ಹ್ಯಾಂಗೂ ಉಬ್ಬೇ ಇರ್ತಾರ, ಗೊತ್ತಾಗಲ್ಲ!" ಆದರೆ ಹಿರಿಯರ ಮುಖದ ವಿಷಯದಲ್ಲಿ ತಮಾಷೆ ಇರಲಿಲ್ಲ. "ನಾಳಿ ಗ್ವಾಡಿಗಿ ತೂಗೋದು ಇದೇ ಮಾರಿ. ಅದಕ್ಕ ಇನ್ನೊಂದು ಛಾನ್ಸ್ ಇರಲ್ಲ."

ಎರಡು ವರ್ಷದ ಹಿಂದೆ ಅವರ ದೃಷ್ಟಿ ಕಡಿಮೆಯಾಗತೊಡಗಿತು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಮರಳಿ ಬರುವುದಿಲ್ಲ ಎಂದರು ಬೀದರಿನ ಡಾಕ್ಟರು. ಅದೇ ಮಳೆಗಾಲದಲ್ಲಿ ಲೆನ್ಸಿನ ಒಳಗಾಜಿಗೂ ಬೂಷ್ಟು ಹಿಡಿಯಿತು. "ಎರಡಕ್ಕೂ ಜೇಡರ ಬಲಿ ಕಟ್ಟೇದ. ಕಣ್ಣಂತೂ ಬದಲಿ ಸಿಗಲ್ಲ, ಲೆನ್ಸರೆ ನೋಡೋಣ ನಡಿ," ಎಂದರು. ಇಬ್ಬರೂ ಬೀದರಿಗೆ ಹೋದೆವು.

ಹಳೆಯದನ್ನೇ ಬಿಚ್ಚಿ ತೊಳೆಸಬೇಕೋ, ಅದನ್ನು ಅಂಗಡಿಯವನಿಗೇ ಕೊಟ್ಟು ಹೊಸದು ಒಯ್ಯಬೇಕೋ? ನಾನು ಎರಡರಲ್ಲೂ ಅಂಗಡಿಯ ಕಪಾಟಿನ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಹಿಗ್ಗಿಸಿ ತೋರಿಸಿದೆ. ಹೊಸದು ಮೂಲೆಯ ತನಕ ಚೊಕ್ಕವಾಗಿತ್ತು. ಕಾಕಾ ಪರದೆಗೆ ಮೂಗು ತಾಗಿಸಿ ನೋಡಿದರು. "ನನಗ ಫರಕ್ ಕಾಣವಲ್ದು ಬೇಟಾ. ನೀ ಹೇಳಿದ್ದೇ ಖರೆ."

"ಹೊಸದು ತಗೋರಿ ಕಾಕಾ. ಅದು ತಾನೇ ಮಾರಿ ಹುಡಕ್ತದ. ನೀವು ಒತ್ತಿದ್ರ ಆಯ್ತು," ಎಂದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಅವರು ಹೊಸದರ ಉಂಗುರವನ್ನು ತಿರುಗಿಸಿದರು. ಹಳೆಯದು ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತಿತ್ತು. ಅಲ್ಲಿಂದ ಐದು ಹೆಜ್ಜೆಗೆ ಎಷ್ಟು ತಿರುವು ಎಂಬುದು ಅವರ ಬೆರಳಿಗೆ ಬಾಯಿಪಾಠ. ಇದು ಸುಮ್ಮನೆ ತಿರುಗುತ್ತಲೇ ಇತ್ತು. "ಇದಕ್ಕ ಕೊನಿನೇ ಇಲ್ಲೇನ್ರಿ?" ಎಂದು ಕೇಳಿದರು. ಅದನ್ನು ಮುಟ್ಟುವ ಕೆಲಸವೇ ಇಲ್ಲ ಎಂದು ಅಂಗಡಿಯವನು ನಕ್ಕ. ನಾನೂ ನಕ್ಕೆ. ಹಳೆಯದನ್ನು ಅವನಿಗೇ ಬಿಟ್ಟು ಹೊಸದು ತಂದೆವು.

ಮುಂದಿನ ವಾರ ಔರಾದ ಕಡೆಯ ಠಾಣಾ ಕುಶನೂರಿನಿಂದ ಕರೆ ಬಂತು. ಕುರಿ ಸಾಕುವ ದೊಡ್ಡ ಮನೆತನ. ಮುತ್ತಜ್ಜಿಯನ್ನು ಮುಂದೆ ಹೊರಸಿನ ಮೇಲೆ ಕೂಡಿಸಿದ್ದರು, ಹಿಂದೆ ಎರಡು ಸಾಲು ಜನ. ಕಾಕಾ ಪಾದ ಮುಟ್ಟಿದರು, ಐದು ಹೆಜ್ಜೆ ನಡೆದರು. ಆದರೆ ಆ ಲೆನ್ಸಿಗೆ ಐದೂ ಒಂದೇ, ಐವತ್ತೂ ಒಂದೇ. ಅದು ಯಾರ ಮುಖ ಹಿಡಿದಿದೆ ಎಂದು ತೋರಿಸುವುದು ಪರದೆಯ ಮೇಲಿನ ಸಣ್ಣ ಹಸಿರು ಚೌಕ. ಅದು ಅವರಿಗೆ ಕಾಣಲಿಲ್ಲ. ನಾನು ಆಚೆ ನಿಂತು ಅಳಿಯಂದಿರನ್ನು ಸರಿಯಾಗಿ ನಿಲ್ಲಿಸುತ್ತಿದ್ದೆ.

ಭಾಲ್ಕಿಗೆ ಬಂದು ತೆರೆದು ನೋಡಿದರೆ ಹಿಂದಿನ ಸಾಲಿನ ಅಳಿಯನ ಮೀಸೆ ಎಳೆ ಎಳೆಯಾಗಿ ಕಾಣುತ್ತಿತ್ತು. ಅಜ್ಜಿಯ ಮುಖ ಮಾತ್ರ ನೀರಲ್ಲಿ ಕಲಸಿದ ಹಿಟ್ಟು. ನಾಲ್ಕು ಫೋಟೋದಲ್ಲೂ ಹಾಗೇ. ಮತ್ತೆ ಹೋಗಿ ತೆಗೆಯೋಣ ಎಂದುಕೊಳ್ಳುವಷ್ಟರಲ್ಲಿ ಅವಳ ಮೊಮ್ಮಗ ಫೋನ್ ಮಾಡಿದ. "ಅಜ್ಜಿ ಹೋದಳ್ರಿ. ಆ ಫೋಟೋದಾಗಿಂದ ಅಕಿ ಮಾರಿ ಅಷ್ಟೇ ದೊಡ್ಡದ್ ಮಾಡಿ ಕೊಡ್ರಿ."

ಏನು ಕೊಡುವುದು? ಇಡೀ ಮಧ್ಯಾಹ್ನ ಕಂಪ್ಯೂಟರಿನಲ್ಲಿ ತಿದ್ದಿದೆ. ತಿದ್ದಿದಷ್ಟೂ ಯಾರೋ ಬೇರೆ ಮುದುಕಿ ಮೂಡಿದಳು. ಕಾಕಾ ಬಸ್ಸು ಹಿಡಿದು ಹೋಗಿ ಆ ಮನೆಯವರಿಗೆ ಕೈಮುಗಿದು ಬಂದರು, ಕ್ಯಾಮೆರಾ ನನ್ನ ಕೈಗಿಟ್ಟರು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹಳೆಯ ಲೆನ್ಸಿಗಾಗಿ ಬೀದರಿಗೆ ಓಡಿದೆ. ಹೈದರಾಬಾದಿನ ಯಾರೋ ಒಯ್ದಿದ್ದರು, ಯಾರೆಂದು ಅಂಗಡಿಯವನಿಗೂ ಗೊತ್ತಿರಲಿಲ್ಲ.

ಕೊನೆಯ ಸಲ ಅವರನ್ನು ಕಂಡಾಗ ದೃಷ್ಟಿ ಪೂರ್ತಿ ಹೋಗಿತ್ತು. ಕಟ್ಟೆಯ ಮೇಲೆ ಕೂತಿದ್ದರು. "ಕ್ಯಾಮೆರಾ ತಂದಿ? ನಂದೊಂದು ಹೊಡಿ," ಎಂದರು.

ನಾನು ಪಾದ ಮುಟ್ಟಿದೆ. ಅಳತೆ ಬೇಕಿರಲಿಲ್ಲ, ಆದರೂ ಹಿಂದಕ್ಕೆ ನಡೆದೆ. ಕಾಕಾ ನನ್ನ ಚಪ್ಪಲಿಯ ಸಪ್ಪಳ ಎಣಿಸಿದರು. "ಮೂರು... ನಾಕು... ಐದು. ಹಾಂ, ನಿಂದ್ರು." ಅವರ ಎಡಗೈ ಬೆರಳು ತಾವಾಗಿಯೇ ಗಾಳಿಯಲ್ಲಿ ಇಷ್ಟೇ ಇಷ್ಟು ತಿರುಗಿ ನಿಂತವು. "ಆಯ್ತು. ಈಗ ಹೊಡಿ."

ಇವತ್ತು ಅವರ ಮನೆಯ ಗೋಡೆಯ ಮೇಲೆ ಮಾಲೆ ಹಾಕಿದ್ದು ಅದೇ ಫೋಟೋಕ್ಕೆ. ಮುಖ ಚೊಕ್ಕ ಬಂದಿದೆ, ಹೊಸ ಲೆನ್ಸು ಈ ಸಲ ತಪ್ಪಲಿಲ್ಲ. ಬಂದವರೆಲ್ಲ ಕೇಳುತ್ತಾರೆ, "ಕೈ ಯಾಕ ಹಂಗ ಹಿಡದಾರ್ರಿ?" ನಾನು ಗೋಡೆಯಿಂದ ಐದು ಹೆಜ್ಜೆ ದೂರ ನಿಂತು, ನನ್ನ ಎಡಗೈ ಬೆರಳನ್ನೂ ಗಾಳಿಯಲ್ಲಿ ಅಷ್ಟೇ ಅಷ್ಟು ತಿರುಗಿಸಿ ತೋರಿಸುತ್ತೇನೆ.