ಅರ್ಧಕ್ಕೆ ನಿಂತ ಪಾಡ್ದನ

ಹಾಡಿನ ಹಾಳೆಗಳನ್ನು ಮುದ್ದೆ ಮಾಡಿ ಪೆಟ್ಟಿಗೆಗೆ ತುರುಕಿದ ಡೋನಲ್‌ನನ್ನು ಕಾಂತಪ್ಪ ಇವತ್ತಿಗೂ ಕ್ಷಮಿಸಿಲ್ಲ. ‘ಹೋಗ್ಲಿ ಬಿಡಿ, ಹಳೇ ಕತೆ’ ಎಂದ ಅಣ್ಣನ ಮಗ ಸುಕೇಶನ ಮನೆಗೆ ಹೋಗುವುದನ್ನೂ ನಿಲ್ಲಿಸಿದ್ದಾನೆ.

ಡೋನಲ್ ಐರ್ಲೆಂಡಿನವನು. ಮೆಲ್ಬರ್ನಿನ ಬ್ರನ್ಸ್‌ವಿಕ್‌ನಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಪುಟ್ಟ ಪ್ರೆಸ್ಸು ಇಟ್ಟುಕೊಂಡು ಐರಿಶ್ ಭಾಷೆಯ ಪುಸ್ತಕಗಳನ್ನು ಮಾತ್ರ ಅಚ್ಚು ಹಾಕುತ್ತಿದ್ದ. ಐರಿಶ್ ಮಾತಾಡಿದ್ದಕ್ಕೆ ಶಾಲೆಯಲ್ಲಿ ತನ್ನ ಅಜ್ಜಿಗೆ ಏಟು ಬಿದ್ದದ್ದನ್ನು ಹೇಳುವಾಗೆಲ್ಲ ಅವನ ಕಣ್ಣು ತುಂಬುತ್ತಿತ್ತು. ಕಾಂತಪ್ಪನ ಕಣ್ಣೂ ತುಂಬುತ್ತಿತ್ತು. ಆಗ ಅವನು ಅಷ್ಟು ಪೆದ್ದ.

ಕಾಂತಪ್ಪ ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿಯ ಪ್ರೆಸ್ಸೊಂದರಲ್ಲಿ ಬೈಂಡಿಂಗ್ ಕಲಿತವನು. ನರ್ಸ್ ಆಗಿದ್ದ ಹೆಂಡತಿ ಸ್ವರ್ಣಲತಾಗೆ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಪಿಆರ್ ಸಿಕ್ಕಿತು, ಅವಳ ಹಿಂದೆ ಬಂದ. ವಾರವಿಡೀ ಗೋದಾಮಿನಲ್ಲಿ ದುಡಿತ. ೨೦೦೫ರಲ್ಲಿ ಡೋನಲ್‌ನ ಪರಿಚಯವಾದ ಮೇಲೆ ಭಾನುವಾರಗಳಂದು ಶೆಡ್ಡಿಗೆ ಹೋಗಿ ಹದಿನಾರು ಪುಟ ಅಚ್ಚಾದ ದೊಡ್ಡ ಹಾಳೆಯ ಫಾರಂಗಳನ್ನು ಮಡಚಿ, ಹೊಲಿದು, ರಟ್ಟು ಹಾಕಿಕೊಡುತ್ತಿದ್ದ. ಸಂಬಳವಿಲ್ಲ. ಒಪ್ಪಂದ ಬೇರೆಯೇ ಇತ್ತು. ನಾಟಿ ಗದ್ದೆಯಲ್ಲಿ ಹೆಂಗಸರು ಹಾಡುವ ಉದ್ದನೆಯ ತುಳು ಹಾಡುಗತೆ ಪಾಡ್ದನ. ಸ್ವರ್ಣಲತಾ ಅದನ್ನು ಅಜ್ಜಿಯಿಂದ ಕಲಿತಿದ್ದಳು. ಅದನ್ನು ಡೋನಲ್ ಪುಸ್ತಕ ಮಾಡಿಕೊಡಬೇಕು. ಮಗಳು ನಿಶ್ಮಿತಾ ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವಳು. ಸ್ವರ್ಣಲತಾಳ ಜೊತೆಗೇ ಹಾಡೂ ಹೋಗುತ್ತದೆ ಎಂಬುದು ಕಾಂತಪ್ಪನ ಭಯ.

ಅವಳು ಹಾಡಿದಳು, ಅವನು ಕನ್ನಡ ಅಕ್ಷರದಲ್ಲಿ ಬರೆದ. ಅರ್ಧ ಕತೆ ಅಚ್ಚಾಯಿತು. ಉಳಿದದ್ದನ್ನು ಹಾಡುವ ಮೊದಲು ಅಚ್ಚಾದದ್ದನ್ನು ನೋಡಬೇಕೆಂದು ಒಂದು ಭಾನುವಾರ ಅವಳೂ ಬಂದಳು. ಡೋನಲ್ ಸಿಡ್ನಿಗೆ ಕಳಿಸುವ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಅವು ಅಲುಗದಂತೆ ಸಂದಿಗೆ ತುರುಕುತ್ತಿದ್ದ ಕಾಗದದಲ್ಲಿ ಕನ್ನಡ ಅಕ್ಷರ ಕಂಡಿತು.

“ಡೋನಲ್, ಅದು ನಮ್ಮ ಪುಸ್ತಕ.”

“ನಿಲ್ಲಿಸಿದೆ ಕಾಂತ. ಕಾಗದ ಸಾಲದು. ನನ್ನ ಪದ್ಯಗಳ ಪುಸ್ತಕ ಬರಬೇಕು, ಜೀವಮಾನದ ಕೆಲಸ. ಇದನ್ನು ಇಲ್ಲಿ ಯಾರು ಓದುತ್ತಾರೆ?”

“ನಿನ್ನದನ್ನು ಯಾರು ಓದ್ತಾರೆ?”

“ನನ್ನದು ಸಾಹಿತ್ಯ. ಇದು ಗದ್ದೆ ಕೆಲಸದವರ ಹಾಡು. ಆ ಟೇಪ್ ಕೊಡು.”

ಕಾಂತಪ್ಪ ಪೆಟ್ಟಿಗೆಗೆ ಅಂಟಿಸುವ ಟೇಪ್ ಕೊಟ್ಟ.

ಕಾರಿನಲ್ಲಿ ಸ್ವರ್ಣಲತಾ ಕೇಳಿದಳು: “ಟೇಪ್ ಕೊಟ್ರಿ ಅಲ್ವಾ ನೀವು?”

“ಕೈಗೆ ಅಭ್ಯಾಸ ಮಾರಾಯ್ತಿ.”

“ಹಾಗಾದ್ರೆ ಉಳಿದದ್ದನ್ನು ಆ ಕೈ ಹತ್ರವೇ ಹಾಡ್ಸಿ.”

ಆಮೇಲೆ ಅವಳು ಹಾಡಲಿಲ್ಲ. ಕಾಂತಪ್ಪ ಬೇಡಿದ, ಬೈದ, ಒಮ್ಮೆ ತಟ್ಟೆ ಎಸೆದ. ಅವಳು ಚೂರುಗಳನ್ನು ಗುಡಿಸಿ ಡ್ಯೂಟಿಗೆ ಹೋದಳು.

ಮುಂದಿನ ಭಾನುವಾರ ಅವನು ಏನೂ ಆಗದವನಂತೆ ಶೆಡ್ಡಿಗೆ ಹೋದ. ‘ನೀನು ದೊಡ್ಡ ಮನುಷ್ಯ’ ಎಂದು ಡೋನಲ್ ಬೆನ್ನು ತಟ್ಟಿದ. ಪದ್ಯದ ಪುಸ್ತಕದ ಮೊದಲ ಪ್ರತಿಯನ್ನು ಕಾಂತಪ್ಪ ಅಚ್ಚುಕಟ್ಟಾಗಿ ಹೊಲಿದು ತೋರಿಸಿದ. ಉಳಿದ ಅಷ್ಟೂ ಪ್ರತಿಗಳಲ್ಲಿ ಮೂರನೇ ಫಾರಂ ಇರುವಲ್ಲಿ ಐದನೆಯದು, ಐದರ ಜಾಗದಲ್ಲಿ ಮೂರನೆಯದನ್ನು ಇಟ್ಟು ಹೊಲಿದ. ಅಷ್ಟು ಗಟ್ಟಿಯಾಗಿ ಅವನು ಯಾವ ಪುಸ್ತಕವನ್ನೂ ಹೊಲಿದಿರಲಿಲ್ಲ.

ಬಿಡುಗಡೆ ಸಿಡ್ನಿಯ ಚಾಟ್ಸ್‌ವುಡ್‌ನ ಒಂದು ಸಭಾಂಗಣದಲ್ಲಿ. ಪೆಟ್ಟಿಗೆ ಹೊತ್ತು ತಂದ ಕಾಂತಪ್ಪ ಕೊನೆಯ ಸಾಲಿನಲ್ಲಿ ಕೂತ. ಡೋನಲ್ ರಾಶಿಯಿಂದ ಒಂದು ಪ್ರತಿ ಎತ್ತಿಕೊಂಡು ಅಜ್ಜಿಯ ಮೇಲಿನ ದೀರ್ಘ ಪದ್ಯ ಓದತೊಡಗಿದ. ಪುಟ ತಿರುವಿದ, ಬೇರೆ ಯಾವುದೋ ಪದ್ಯದ ನಡು ಬಂತು. ಎರಡು ಸಾಲು ಓದಿಬಿಟ್ಟು ನಿಂತ. ಮುಖ ಬಿಳಿಚಿತು. ಜನ ಅವನು ಗದ್ಗದಿತನಾದನೆಂದುಕೊಂಡು ಎದ್ದು ಚಪ್ಪಾಳೆ ತಟ್ಟಿದರು.

“ಎಂಥಾ ಪದ್ಯ,” ಎಂದು ಪಕ್ಕದ ಐರಿಶ್ ಮೂಲದ ಮುದುಕಿ ಕಣ್ಣೊರೆಸಿಕೊಂಡಳು.

“ಅರ್ಥ ಆಯ್ತಾ ನಿಮಗೆ?”

“ಭಾಷೆ ಬರುವುದಿಲ್ಲ. ಆದರೆ ನಮ್ಮದಲ್ಲವೇ.”

ಪುಸ್ತಕಗಳೆಲ್ಲ ಖರ್ಚಾದವು. ಯಾರೊಬ್ಬರೂ ತಪ್ಪು ಹೇಳಲಿಲ್ಲ. ಡೋನಲ್ ನಗುತ್ತ ಸಹಿ ಹಾಕಿದ. ಸಭಾಂಗಣ ಖಾಲಿಯಾದ ಮೇಲೆ ಹತ್ತಿರ ಬಂದ.

“ಎಲ್ಲಾ ಪ್ರತಿಗಳೂ?”

“ಎಲ್ಲಾ.”

“ಒಬ್ಬರಾದರೂ ಗುರುತಿಸಬೇಕಿತ್ತು,” ಎಂದ. ಆಮೇಲೆ, “ನೀನು ನನಗೊಂದು ಪುಸ್ತಕ ಬಾಕಿ.”

“ನೀನು ನನಗೊಂದು. ಮೊದಲು ನೀನು ಕೊಡು.”

ಗೆದ್ದವನ ಹಾಗೆ ಮನೆಗೆ ಬಂದು ಕಾಂತಪ್ಪ ಎಲ್ಲವನ್ನೂ ಹೇಳಿದ. ಸ್ವರ್ಣಲತಾ ನಗಲಿಲ್ಲ.

“ಅವನದ್ದು ಹಾಳಾದ್ರೆ ನನ್ನದು ಆಯ್ತಾ?”

ಡೋನಲ್ ಮರುವರ್ಷ ಶೆಡ್ಡು ಮುಚ್ಚಿದ. ಇಬ್ಬರೂ ಈಗಲೂ ಅದೇ ಸಬರ್ಬಿನವರು, ಎದುರಾದರೆ ರಸ್ತೆ ದಾಟುತ್ತಾರೆ. ಇವನಾಗಲಿ ಅವನಾಗಲಿ ಪುಸ್ತಕ ಕೊಟ್ಟಿಲ್ಲ.