ಕುಂಕುಮ ಹಚ್ಚಿದ ನೆಟ್‌ವರ್ಕ್ ಕಾರ್ಡು

2002ರ ಬೇಸಿಗೆ. ಆಗ ನಾನು ಧಾರವಾಡದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆ ವರ್ಷ ವಿಂಡೋಸ್ ಬದಲು ಲಿನಕ್ಸ್‌ನಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ತೋರಿಸುವ ಪ್ರಾಯೋಗಿಕ ಪರೀಕ್ಷೆ ಇತ್ತು. ನಮ್ಮಲ್ಲಿದ್ದ ಒಂಬತ್ತು ಯಂತ್ರಗಳಲ್ಲಿ ಒಂದಕ್ಕೂ ನೆಟ್‌ವರ್ಕ್ ಕಾರ್ಡು ಇರಲಿಲ್ಲ. ಹುಬ್ಬಳ್ಳಿಯ ಅಂಗಡಿಯೊಂದರಿಂದ ಮೊದಲು ಒಂದು ಕಾರ್ಡು ತಂದು ಹಾಕಿ ನೋಡಿದೆ. ಪತ್ರಿಕೆಯ ಜೊತೆ ಪುಕ್ಕಟೆ ಬಂದಿದ್ದ ಸಿ.ಡಿ.ಯ ಲಿನಕ್ಸ್ ಅದನ್ನು ಕೂಡಲೇ ಗುರುತಿಸಿತು. ಅದೇ ಹೆಸರಿನ ಇನ್ನೂ ಎಂಟು ಕಾರ್ಡು ತರಲು ಮತ್ತೆ ಅದೇ ಅಂಗಡಿಗೆ ಹೋದೆ.

ಅಂಗಡಿಯವರು ಅರವತ್ತರ ಆಸುಪಾಸಿನವರು, ದಪ್ಪ ಕನ್ನಡಕ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. “ಡಬ್ಬಿ ತಗದು ನೋಡ್ರಿ ಮೇಡಂ. ಮ್ಯಾಲಿನ ಹೆಸರು ಒಂದ ಇದ್ರೂ ಒಳಗಿನ ಚಿಪ್ಪು ಬದಲಿ ಮಾಡಿರತಾರ. ಲಿನಕ್ಸ್‌ಗೆ ಅಂದ್ರ ಚಿಪ್ಪಿನ ನಂಬರ ನೋಡೇ ತಗೋಬೇಕ್ರಿ” ಎಂದರು.

“ಬ್ಯಾಡ್ರಿ ಕಾಕಾ, ಸೀಲ್ ಒಡಿಬ್ಯಾಡ್ರಿ. ದೇವರ ಮುಂದ ಇಟ್ಟು ನಾವ ಒಡಿತೇವಿ” ಎಂದೆ. ಹೊಸ ವಸ್ತು ಬಂದರೆ ಪೂಜೆ ಮಾಡದೆ ಬಳಸುವ ಪೈಕಿ ನಾವಲ್ಲ. ಸೀಲ್ ಒಡೆದ ಮಾಲನ್ನು ದೇವರ ಮುಂದೆ ಇಡುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಶುಕ್ರವಾರ ಹುಡುಗಿಯರೆಲ್ಲ ಸೇರಿ ಕಾಯಿ ಒಡೆದು, ಡಬ್ಬಿಗಳ ಸೀಲ್ ತೆಗೆದು ಪೂಜೆ ಮಾಡಿದೆವು. ಕಾರ್ಡಿನ ನಡುವೆ ಕರ್ರಗಿನ ಒಂದು ದೊಡ್ಡ ಚಿಪ್ಪು ಇತ್ತು. ನನ್ನ ಕಣ್ಣಿಗೆ ಅದು ಹಣೆಯ ಹಾಗೆ ಕಂಡಿತೋ ಏನೋ, ಎಂಟಕ್ಕೂ ಅಲ್ಲೇ ವಿಭೂತಿ ಬಳಿದು ಕುಂಕುಮ ಹಚ್ಚಿದೆ. ಆಮೇಲೆ ಜೋಡಿಸಿ ನೋಡಿದರೆ ಮೊದಲಿನ ಕಾರ್ಡು ಮಾತ್ರ ಕೆಲಸ ಮಾಡಿತು. ಉಳಿದ ಎಂಟು ಕಾರ್ಡುಗಳು ಲಿನಕ್ಸ್‌ನ ಪಾಲಿಗೆ ಇಲ್ಲವೇ ಇಲ್ಲ. ಇಡೀ ಮಧ್ಯಾಹ್ನ ಗುದ್ದಾಡಿದೆ. ಕೊನೆಗೆ ಒಂದು ಕಾರ್ಡು ಬಿಚ್ಚಿ ಕುಂಕುಮ ಒರೆಸಿದೆ. ಅದರ ಅಡಿಯಲ್ಲಿದ್ದ ನಂಬರ್ ಮೊದಲಿನ ಕಾರ್ಡಿನದಕ್ಕಿಂತ ಬೇರೆಯೇ ಇತ್ತು. ನೋಡಬೇಕಾದ ನಂಬರಿನ ಮೇಲೇ ನಾನು ಕುಂಕುಮ ಮೆತ್ತಿದ್ದೆ!

“ಪರೀಕ್ಷಿ ಮುಂದ ಹೋಗ್ತದೇನ್ರೀ ಮೇಡಂ?” ಪಕ್ಕದಲ್ಲಿ ನಿಂತಿದ್ದ ಸಾವಿತ್ರಿ ಕೇಳಿದಳು. ಹತ್ತಿರದ ಮುಗದ ಹಳ್ಳಿಯ ಹುಡುಗಿ, ದಿನಾ ಬಸ್ಸಿನಲ್ಲಿ ಬರುತ್ತಿದ್ದಳು, ತರಗತಿಗೇ ಜಾಣೆ. “ಗುರುವಾರ ನನ್ನ ಲಗ್ನ ಐತ್ರಿ. ಸೋಮವಾರ ಪರೀಕ್ಷಿ ಆಗಲಿಲ್ಲಂದ್ರ ಆಮ್ಯಾಲೆ ಸೊಲ್ಲಾಪುರದಿಂದ ನನ್ನ ಯಾರು ಕಳಸ್ತಾರ್ರೀ? ಮೂರು ವರ್ಷ ಓದಿದ್ದು ಹಂಗ ಹೋಗ್ತದ.” ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಅಂಗಡಿಗೆ ನುಗ್ಗಿ ಎಂಟೂ ಕಾರ್ಡಿದ್ದ ಚೀಲವನ್ನು ಗಲ್ಲೆಯ ಮೇಜಿನ ಮೇಲೆ ಕುಕ್ಕಿದೆ. ಗಿರಾಕಿಗಳು ತಿರುಗಿ ನೋಡಿದರು. “ಮೋಸಾ ಮಾಡೀರಿ! ಮ್ಯಾಲ ಒಂದು, ಒಳಗ ಒಂದು! ಹೆಣ್ಣಮಗಳು, ಏನ ತಿಳೀತದ ಅಂತ ದಾಟಿಸಿಬಿಟ್ರಿ ಹೌದಿಲ್ಲೋ?”

ಕಾಕಾ ಒಂದು ಕಾರ್ಡು ಎತ್ತಿ ನೋಡಿದರು. “ಕುಂಕುಮ ಹಚ್ಚಿದ ಮಾಲ ಇನ್ನೊಬ್ಬರಿಗೆ ಹೆಂಗ ಮಾರಲ್ರೀ?”

ಬಿಲ್ಲು ಬರೆಯುವ ಹೆಣ್ಣುಮಗಳು ಸುಮ್ಮನಿರಲಾರದೆ, “ಅಲ್ರೀ ಮೇಡಂ, ಡಬ್ಬಿ ತಗಿಬ್ಯಾಡ್ರಿ ಅಂದವರು ನೀವ ಅಲ್ರಿ?” ಎಂದಳು. ನಿಂತವರೆಲ್ಲ ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ನನ್ನ ಬಾಯಿ ಸೋಲಲಿಲ್ಲ, ಏನೇನೋ ಒದರುತ್ತಲೇ ಇದ್ದೆ.

ಕಾಕಾ ಕನ್ನಡಕ ತೆಗೆದು ಮೆಲ್ಲಗೆ ಕೇಳಿದರು, “ಇಷ್ಟು ಸಿಟ್ಟು ಯಾರ ಸಲುವಾಗ್ರೀ?”

ಸಾವಿತ್ರಿಯ ವಿಷಯ ಹೇಳಿದೆ. ಹೇಳುತ್ತ ಹೇಳುತ್ತ ಎಲ್ಲರೆದುರೇ ಅತ್ತುಬಿಟ್ಟೆ.

ಅವರು ಕಪಾಟಿನಲ್ಲಿದ್ದ ಅಷ್ಟೂ ಡಬ್ಬಿ ಕೆಳಗಿಳಿಸಿದರು. ಒಂದೊಂದನ್ನೇ ಒಡೆದು, ಭೂತಗನ್ನಡಿ ಹಿಡಿದು ನಂಬರ್ ಓದತೊಡಗಿದರು. ನಾನು ಮೊದಲಿನ ಕಾರ್ಡಿನ ನಂಬರ್ ಬರೆದುಕೊಂಡಿದ್ದ ಚೀಟಿ ನೋಡಿ “ಇದಲ್ರಿ”, “ಇದ ಹೌದ್ರಿ” ಎನ್ನುತ್ತಿದ್ದೆ. ನಮಗೆ ಬೇಕಾದ ಚಿಪ್ಪಿನವು ಐದು ಸಿಕ್ಕವು. ಇನ್ನೂ ಮೂರು ಬೇಕು. ಕಾಕಾ ಸ್ಕ್ರೂಡ್ರೈವರ್ ತಗೊಂಡು ತಮ್ಮ ಅಂಗಡಿಯವೇ ಮೂರು ಕಂಪ್ಯೂಟರುಗಳ ಕಾರ್ಡು ಬಿಚ್ಚತೊಡಗಿದರು.

“ಗಿರಾಕಿ ನಿಂತಾರ್ರೀ ಕಾಕಾ, ಬಿಲ್ಲು ಹೆಂಗ ಮಾಡೂದು?” ಎಂದಳು ಬಿಲ್ಲು ಬರೆಯುವವಳು.

“ಕೈಲೆ ಬರಿಯವಾ. ಇವು ಹೋದ ವರ್ಷದ್ವು, ಹಳೇ ಚಿಪ್ಪಿನವು. ಮೇಡಂ ಅವರವು ನಮ್ಮ ವಿಂಡೋಸ್‌ಗೆ ನಡೀತಾವ. ಪೂಜಿನೂ ಆಗ್ಯಾವ, ಛಲೋನ ಆತು” ಎಂದರು. ನನ್ನ ಎಂಟರಲ್ಲಿ ಮೂರನ್ನು ಅಲ್ಲಿ ಹಾಕಿ, ಕುಂಕುಮದ ಉಳಿದ ಐದನ್ನೂ ಒಳಗಿಟ್ಟುಕೊಂಡರು. ನಾನು ಅವರು ಬದಲಿ ಕೊಟ್ಟ ಎಂಟನ್ನು ಚೀಲಕ್ಕೆ ಹಾಕಿಕೊಂಡು, ತಪ್ಪಾಯಿತು ಎನ್ನುವಷ್ಟೂ ನಿಲ್ಲದೆ ಬಸ್ಸು ಹಿಡಿದೆ.

ಭಾನುವಾರ ಎಲ್ಲ ಜೋಡಿಸಿದೆ. ಒಂಬತ್ತೂ ಯಂತ್ರಗಳು ಒಂದಕ್ಕೊಂದು ಮಾತಾಡಿದವು. ಸೋಮವಾರ ಸಾವಿತ್ರಿ ಎಲ್ಲರಿಗಿಂತ ಮೊದಲು ಮುಗಿಸಿ ಎದ್ದಳು. ಪರೀಕ್ಷಕರು ಅವಳಿಗೆ ಎರಡನೇ ಪ್ರಶ್ನೆ ಕೇಳಲೇ ಇಲ್ಲ.

ಅವತ್ತೇ ಸಂಜೆ ಹುಬ್ಬಳ್ಳಿಗೆ ಹೋದೆ. ಮೆಟ್ಟಿಲು ಹತ್ತುವಷ್ಟರಲ್ಲೇ ಕಾಕಾ, “ಹುಡಿಗಿ ಪರೀಕ್ಷಿ ಬರದಳೇನ್ರೀ?” ಎಂದರು.

“ಬರದಳ್ರಿ. ಕಾಕಾ, ನಂದು ಭಾಳ ತಪ್ಪಾತ್ರಿ. ಅಷ್ಟು ಮಂದಿ ಮುಂದ ನಿಮಗ ಕಳ್ಳ ಅಂದಂಗ ಮಾಡಿದೆ.”

“ನಿಮ್ಮ ಸಲುವಾಗಿ ಒದರಿದ್ರ ನಾನೂ ಒದರತಿದ್ದೆ ಬಿಡ್ರಿ. ನೀವು ಮಂದಿ ಮಗಳ ಸಲುವಾಗಿ ಒದರಾಕತ್ತಿದ್ರಿ. ಕೂಡ್ರಿ, ಚಾ ತರಸ್ತೇನಿ.”

ಇಷ್ಟು ವರ್ಷವಾದರೂ ನನ್ನ ಸಿಟ್ಟೇನೂ ಇಳಿದಿಲ್ಲ. ಆದರೆ ಕಾಲೇಜಿನಲ್ಲಿ ಯಾರದಾದರೂ ಅಪ್ಪನೋ ಅವ್ವನೋ ನನ್ನ ಕೋಣೆಗೆ ಬಂದು ಕೂಗಾಡಿದರೆ, ನಾನು ತಿರುಗಿ ಕೂಗುವುದಿಲ್ಲ. “ಯಾರ ಸಲುವಾಗಿ ಬಂದೀರ್ರೀ?” ಎಂದು ಕೇಳುತ್ತೇನೆ. ಮಗಳ ಹೆಸರು ಹೇಳುವಷ್ಟರಲ್ಲಿ ಎಷ್ಟೋ ಜನರ ದನಿ ತಾನಾಗಿ ಇಳಿಯುತ್ತದೆ.